ಪೂಜೆಗೆ ಗಂಟು ಹಾಕಿದ ಚೌಕಳಿ ಹಾಳೆ

ಹೋದ ವಾರ ಮಾಧವರಂ ಬಸ್ ನಿಲ್ದಾಣದಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಡೈರಿಯ ಕಡೆಯಿಂದ ಗಾಳಿ ತಿರುಗಿ ಕಾದ ಹಾಲಿನ ವಾಸನೆ ಬಂತು. ಬಿಸಿಲಿನ ದಿನಗಳಲ್ಲಿ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದು ಗಾಳಿ ಭಾರವಾದಾಗ ಮಾತ್ರ ನಮ್ಮ ಕಾಲನಿಯ ತನಕ ಬಂದು, ಒಣಗದ ಬಟ್ಟೆಗಳ ಜೊತೆ ಮನೆಯೊಳಗೆ ಸೇರಿಕೊಳ್ಳುತ್ತದೆ. ವಾಸನೆ ಬಂದದ್ದೇ ತಡ, ನಾಲ್ಕು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಆ ಮಳೆಗಾಲದಲ್ಲಿ ನಾನು ನನ್ನ ಹೆತ್ತ ಅವ್ವನ ಮೇಲೆ ಸಂಶಯಪಟ್ಟು, ಕಳ್ಳನನ್ನು ಹಿಡಿಯುವವನ ಹಾಗೆ ಅವಳಿಗೆ ಬಲೆ ಒಡ್ಡಿದ್ದೆ.

ಸಂಶಯ ನನ್ನ ಹೊಟ್ಟೆಪಾಡು. ಎಣ್ಣೂರಿನ ಕಡೆಯ ಕಾರ್ಖಾನೆಗಳಿಗೆ ಹೋಗಿ ಬಾಯ್ಲರುಗಳ ಒತ್ತಡ ತೋರಿಸುವ ಮೀಟರುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಪ್ರತಿ ಮೀಟರಿನ ಪಕ್ಕದಲ್ಲಿ ಒಂದು ಹಾಳೆ ತೂಗುಹಾಕಿರುತ್ತಾರೆ. ಪಾಳಿಯವರು ಗಂಟೆಗೊಮ್ಮೆ ಮುಳ್ಳು ನೋಡಿ ಅದರಲ್ಲಿ ಬರೆಯಬೇಕು. ನಾನು ಹೋದ ಕೂಡಲೇ ಮೀಟರು ನೋಡುವುದಿಲ್ಲ, ಹಾಳೆ ನೋಡುತ್ತೇನೆ. ತಿಂಗಳಿಡೀ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಓರೆ ಅಕ್ಷರ ಕಂಡರೆ ಯಾರೂ ಮುಳ್ಳಿನ ಕಡೆ ಕಣ್ಣೆತ್ತಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ನಿಜವಾಗಿ ನೋಡಿದವನ ಹಾಳೆ ಅಷ್ಟು ಚೆಂದ ಇರುವುದಿಲ್ಲ. ಅದರಲ್ಲಿ ಅಂಕಿ ಏರುತ್ತದೆ, ಇಳಿಯುತ್ತದೆ, ಒಂದೆರಡು ಕಡೆ ಬರೆದು ಹೊಡೆದುಹಾಕಿರುತ್ತಾನೆ.

ಇಂಥ ಕೆಲಸ ಮಾಡುವವನು ಮನೆಗೆ ಬಂದು ಸಾಧುವಾಗುವುದಿಲ್ಲ. ಹಾಲನ್ನು ಎರಡು ಸಲ ಮೂಸಿ ನೋಡುತ್ತೇನೆ, ಬಾಗಿಲ ಬೀಗವನ್ನು ಮೂರು ಸಲ ಎಳೆದು ನೋಡುತ್ತೇನೆ. ಮದುವೆಯ ದಿನ ನಾನು ತಾಳಿಯನ್ನೂ ಬೆಳಕಿಗೆ ಹಿಡಿದು ನೋಡಿದೆನೆಂದು ನನ್ನ ಹೆಂಡತಿ ಗೀತಾ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ.

ನಮ್ಮದು ನಾಲ್ಕು ಜನರ ಮನೆ, ಮೂರು ಬಗೆಯ ಮಾತು. ಅವ್ವ ಹಾವೇರಿ ಕಡೆಯವಳು. ಮೆಣಸಿನಕಾಯಿ ವ್ಯಾಪಾರಕ್ಕೆ ಬಂದ ಅಪ್ಪನ ಜೊತೆ ಮದುವೆಯಾದ ವರ್ಷವೇ ಈ ತಮಿಳರ ಊರಿಗೆ ಬಂದವಳು, ಅಪ್ಪ ತೀರಿಹೋದ ಮೇಲೂ ಇಲ್ಲಿಯವಳಾಗಿಯೇ ಉಳಿದವಳು. ಅವಳ ಹಾವೇರಿ ಕನ್ನಡದೊಳಗೆ ತಮಿಳು ಅದರ ಪಾಡಿಗೆ ಓಡಾಡಿಕೊಂಡಿರುತ್ತದೆ. ಗೀತಾ ತುಮಕೂರಿನವಳು. ಪೆರುಂಗುಡಿಯ ಒಂದು ಐಟಿ ಕಚೇರಿಯಲ್ಲಿ ಅವಳ ಕೆಲಸ. ಮಾಧವರಂನಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಊರಿಗೊಮ್ಮೆ ಹೋಗಿಬಂದ ಹಾಗಾಗುತ್ತದೆ. ಮಗಳು ಮೇಘಾ ಆಗ ಒಂಬತ್ತನೆಯ ಕ್ಲಾಸು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಆ ವರ್ಷ ಗೀತಾಳ ಕಚೇರಿಗೆ ಯಾರೋ ಬಂದು ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಹೇಗೆಂದು ಎರಡು ದಿನ ಪಾಠ ಹೇಳಿದ್ದರು. ಅದನ್ನು ಅವಳು ಪ್ರಸಾದದ ಹಾಗೆ ಮನೆಗೆ ತಂದಳು. ಹೊಸ ಅಭ್ಯಾಸವನ್ನು ಒಂಟಿಯಾಗಿ ಬಿಟ್ಟರೆ ನಾಲ್ಕೇ ದಿನಕ್ಕೆ ಓಡಿಹೋಗುತ್ತದಂತೆ. ಅದನ್ನು ದಿನಾ ತಪ್ಪದೆ ಮಾಡುವ ಯಾವುದಾದರೂ ಹಳೆಯ ಕೆಲಸಕ್ಕೆ ಗಂಟು ಹಾಕಬೇಕು. ಹಳೆಯದು ನಡೆದರೆ ಹೊಸದೂ ಅದರ ಹಿಂದೆ ತಾನಾಗಿ ನಡೆಯುತ್ತದೆ.

ಹದಿನೈದು ದಿನಗಳಲ್ಲಿ ಮನೆಯ ತುಂಬ ಗಂಟುಗಳಾದವು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಗೀತಾ ಒಂಟಿಕಾಲಿನ ಮೇಲೆ ನಿಲ್ಲುತ್ತಿದ್ದಳು. ಮೇಘಾ ಶೂ ಲೇಸು ಕಟ್ಟುತ್ತ ಒಂದು ರಸಾಯನ ಸೂತ್ರ ಹೇಳಬೇಕಿತ್ತು. ನನಗೆ ಬೀಗ ಎಳೆದು ನೋಡಿದಾಗಲೆಲ್ಲ ಬ್ಯಾಗಿನ ಬಾಟಲಿಯಿಂದ ಎರಡು ಗುಟುಕು ನೀರು ಕುಡಿಯಬೇಕೆಂದು ಆಜ್ಞೆಯಾಯಿತು. ಮೂರು ಸಲ ಎಳೆಯುವವನು ದಿನಕ್ಕೆ ಬೇಕಾದಷ್ಟು ನೀರು ಕುಡಿಯುತ್ತಾನೆಂಬುದು ಅವಳ ಲೆಕ್ಕಾಚಾರ.

ನನಗೆ ಈ ವಿದ್ಯೆಯ ಮೇಲೆ ಮೊದಲಿನಿಂದ ಗುಮಾನಿ ಇತ್ತು. ಕಚೇರಿಯವರು ಪುಕ್ಕಟೆಯಾಗಿ ಏನನ್ನಾದರೂ ಕಲಿಸುತ್ತಾರೆಂದರೆ ಅದರಲ್ಲಿ ಅವರದೇನೋ ಇರುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಕಾರ್ಖಾನೆಯಲ್ಲಿ ಮೀಟರು ನೋಡುವುದು ಮರೆಯದಿರಲೆಂದು ಅದನ್ನು ಚಹಾದ ಹೊತ್ತಿಗೆ ಹೊಂದಿಸಿದ್ದರು. ಕ್ರಮೇಣ ಏನಾಯಿತೆಂದರೆ, ಚಹಾ ಬಂತೆಂದರೆ ಕೈ ತಾನಾಗಿ ಅಂಕಿ ಬರೆಯುತ್ತಿತ್ತು, ಕಣ್ಣು ಮಾತ್ರ ಚಹಾದ ಮೇಲಿರುತ್ತಿತ್ತು. ಇದನ್ನು ಗೀತಾಳಿಗೆ ಹೇಳಿದೆ. ನಿಮ್ಮ ಕಾರ್ಖಾನೆಯವರು ಸೋಮಾರಿಗಳು ಎಂದು ಅವಳು ಮಾತು ಮುಗಿಸಿದಳು.

ಆ ಹೊತ್ತಿಗೇ ಅವ್ವನ ಕಣ್ಣಿನ ವಿಷಯ ಬಂತು. ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಪೇಪರಿನ ಅಕ್ಷರ ಕಲಸಿದಂತೆ ಕಾಣುತ್ತದೆಂದು ಕನ್ನಡಕ ಬದಲಿಸಲು ಕರೆದುಕೊಂಡು ಹೋಗಿದ್ದೆವು. ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯಿಂದ ತಮಿಳಿನಲ್ಲಿ ವಿವರಿಸಿದರು. ಎರಡೂ ಕಣ್ಣಿನ ಹಿಂದೆ, ನಟ್ಟನಡುವೆ, ವಯಸ್ಸಿಗೆ ಬರುವ ಸವೆತ ಶುರುವಾಗಿದೆ. ಈಗ ಭಯವಿಲ್ಲ. ಆದರೆ ಯಾವತ್ತಾದರೂ ಅಲ್ಲಿ ನೀರು ಜಿನುಗಲು ಶುರುವಾದರೆ ನಡುವಿನ ದೃಷ್ಟಿ ಬಹಳ ಬೇಗ ಹೋಗುತ್ತದೆ, ಹೋದದ್ದು ಮರಳುವುದು ಕಷ್ಟ. ಹೀಗೆ ಹೇಳಿ ಒಂದು ಹಾಳೆ ಕೊಟ್ಟರು. ಅದರ ತುಂಬ ಚೌಕಳಿ ಗೆರೆಗಳು, ನಡುವೆ ಒಂದು ಚುಕ್ಕೆ. ದಿನಾ ಒಂದೊಂದೇ ಕಣ್ಣು ಮುಚ್ಚಿಕೊಂಡು ಆ ಚುಕ್ಕೆಯನ್ನು ನೋಡಬೇಕು. ಗೆರೆ ಡೊಂಕಾಗಿ ಕಂಡರೆ, ಇಲ್ಲವೆ ನಡುವೆ ಕಪ್ಪಾದರೆ ಅವತ್ತೇ ಬರಬೇಕು. ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ, ಹಾಗಾಗಿ ಹಾಳೆ ನೋಡದೆ ಗೊತ್ತಾಗುವುದಿಲ್ಲ ಎಂದರು.

ಮನೆಗೆ ಬರುವ ದಾರಿಯಲ್ಲೇ ಗೀತಾ ಕೇಳಿದಳು: "ಅತ್ತೆ, ನೀವು ಒಂದಿನಾನೂ ತಪ್ಪಿಸದೇ ಇರೋ ಕೆಲಸ ಯಾವ್ದು?"

ಅದನ್ನು ಕೇಳಬೇಕಾಗಿಯೇ ಇರಲಿಲ್ಲ. ಜ್ವರ ಬಂದರೂ, ರೈಲಿನಲ್ಲಿದ್ದರೂ, ಅಪ್ಪ ತೀರಿಕೊಂಡ ಮರುದಿನವೂ ಅವ್ವ ಲಿಂಗಪೂಜೆ ಬಿಟ್ಟವಳಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಮೂಡಲ ಕಿಟಕಿಯ ಚಿಕ್ಕ ಕೋಣೆಯಲ್ಲಿ ಕೂತು, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾಳೆ. ನೀರು, ಹೂವು ಆದ ಮೇಲೆ ಸುಮ್ಮನೆ ಅದನ್ನೇ ನೋಡುತ್ತ ಕೂರುತ್ತಾಳೆ. ನಾನೂ ಲಿಂಗ ಕಟ್ಟಿಕೊಂಡಿದ್ದೇನೆ, ಆದರೆ ಹಾಗೆ ನೋಡುತ್ತ ಕೂರುವುದು ನನ್ನಿಂದಾಗಿಲ್ಲ. ಎರಡು ನಿಮಿಷಕ್ಕೇ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆ ತಲೆ ಎತ್ತುತ್ತದೆ. ಅವ್ವ ನಲವತ್ತೇಳು ವರ್ಷ ಆ ಪ್ರಶ್ನೆ ಕೇಳದೆ ನೋಡಿದ್ದಳು.

ಹಾಳೆಯನ್ನು ಪೂಜೆಗೆ ಗಂಟು ಹಾಕಲಾಯಿತು. ಅದು ವಿಭೂತಿ ಪೆಟ್ಟಿಗೆಯ ಕೆಳಗೆ ಇರುತ್ತಿತ್ತು. ಲಿಂಗ ಕರಡಿಗೆಗೆ ಮರಳಿದ ಕೂಡಲೇ, ಕೂತಲ್ಲೇ ಕನ್ನಡಕ ಹಾಕಿಕೊಂಡು ಹಾಳೆ ನೋಡಿ ಒಳಗಿನಿಂದ ಕೂಗಿ ಹೇಳಬೇಕು. ಆ ಕೂಗಿಗೆ ಗೀತಾ ಇನ್ನೊಂದು ಗಂಟು ಹಾಕಿದಳು. ಅಜ್ಜಿಯ ದನಿ ಕೇಳಿದ ಮೇಲೆಯೇ ಮೇಘಾ ಗೋಡೆಯ ಕ್ಯಾಲೆಂಡರಿನ ಆ ದಿನದ ಹಾಳೆ ಹರಿಯಬೇಕು. ಪೂಜೆಗೆ ಯಾಕೆ ಇದನ್ನು ಕಟ್ಟುತ್ತೀ ಎಂದು ನಾನು ಕೇಳಿದೆ. ಬೇರೆ ಯಾವುದಕ್ಕೆ ಕಟ್ಟಲಿ ಹೇಳಿ ಎಂದಳು. ನನಗೆ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು, ಎಲ್ಲಿ ಎಂದು ತೋರಿಸಲು ಆಗಲಿಲ್ಲ.

ಮೊದಲ ಎರಡು ಮೂರು ತಿಂಗಳು ಅವ್ವನ ವರದಿ ಕೇಳಲು ಚೆನ್ನಾಗಿತ್ತು. ಮೂಲೆಯ ಗೆರೆ ಮಸುಕಾಗಿದೆ, ಯಾರೋ ಎಣ್ಣೆಗೈ ಹಚ್ಚಿದ್ದೀರಿ ಎನ್ನುವಳು. ಮೋಡ ಮುಸುಕಿದೆ, ಲೈಟು ಹಾಕಿ ಎನ್ನುವಳು. ಬಲಗಣ್ಣಿನಲ್ಲಿ ನೀರು ಬರುತ್ತಿದೆ, ಮೇಘಾಳ ಈರುಳ್ಳಿ ದೋಸೆಯ ಹೊಗೆ ಎನ್ನುವಳು. ನಿಜವಾಗಿ ನೋಡುವವರ ಹಾಳೆ ಹೀಗೇ ಇರುತ್ತದೆಂದು ನಾನು ಸಮಾಧಾನದಿಂದಿದ್ದೆ.

ದೀಪಾವಳಿಯ ನಂತರ ಮಳೆ ಕಚ್ಚಿ ಹಿಡಿಯಿತು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಶಾಲೆಗೆ ಮೇಲಿಂದ ಮೇಲೆ ರಜೆ, ಗೀತಾಳಿಗೆ ಮನೆಯಿಂದಲೇ ಕೆಲಸ. ಆ ದಿನಗಳಲ್ಲೇ ಅವ್ವನ ವರದಿ ಬದಲಾಯಿತು. "ಎಲ್ಲಾ ಸರಿ ಐತಿ" ಅಷ್ಟೇ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ರಾಗ ಕೂಡ ಒಂದೇ. ನಾಲ್ಕನೆಯ ದಿನಕ್ಕೆ ನನ್ನ ಕಿವಿ ನೆಟ್ಟಗಾಯಿತು.

ಅಲ್ಲಿಂದ ನಾನು ಅವಳನ್ನು ಗಮನಿಸಲು ತೊಡಗಿದೆ. ಪೂಜೆಯ ಹೊತ್ತು ಬೆಳೆದಿತ್ತು. ಲಿಂಗ ಒಳಗೆ ಹೋದ ಮೇಲೂ ಬಾಗಿಲು ಅರ್ಧ ಮುಚ್ಚಿಕೊಂಡು ಏನೋ ಮಾಡುತ್ತ ಕೂರುತ್ತಿದ್ದಳು. ಮೊದಲು ಪಕ್ಕದಲ್ಲಿ ಕೂತು ಹೂವು ಬಿಡಿಸುತ್ತಿದ್ದ ಮೇಘಾಳನ್ನು ಈಗ ಹೊರಗೆ ಕಳಿಸುತ್ತಿದ್ದಳು. ಸಂಜೆಯ ಧಾರಾವಾಹಿ ಬಿಟ್ಟಳು. ನನ್ನನ್ನು ಬೈಯುವುದನ್ನು ಬಿಟ್ಟಳು. ನಾನು ಹಾಲು ಮೂಸಿದರೂ ಸುಮ್ಮನಿದ್ದಳು. ಎಲ್ಲಕ್ಕಿಂತ ದೊಡ್ಡ ಅನುಮಾನವೆಂದರೆ ಅವಳು ಸಂತೋಷವಾಗಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವಿನವಳು, ಮಳೆಯಲ್ಲಿ ಹದಿನೈದು ದಿನದಿಂದ ಮನೆಯಿಂದ ಹೊರಬೀಳದವಳು, ಅಷ್ಟು ಸಂತೋಷವಾಗಿರಲು ಏನು ಕಾರಣ?

ನಾನು ಅವಳ ಮಾತ್ರೆಯ ಪಟ್ಟಿಗಳನ್ನು ಎಣಿಸಿದೆ, ಸರಿಯಾಗಿದ್ದವು. ಹಾವೇರಿಯಲ್ಲಿರುವ ತಂಗಿಗೆ ಏನೋ ನೆಪ ಹೇಳಿ ಫೋನು ಮಾಡಿ, ಅವ್ವ ಊರಿಗೆ ಬರುವ ಮಾತೇನಾದರೂ ಆಡಿದಳೇ ಎಂದು ಕೆದಕಿದೆ, ಇಲ್ಲ ಎಂದಳು. ಯಾವುದೋ ಕಾಯಿಲೆ ಗೊತ್ತಾಗಿ, ಮಕ್ಕಳಿಗೆ ಹೇಳದೆ ಹೊರಡುವ ಸಿದ್ಧತೆ ಮಾಡುತ್ತಿದ್ದಾಳೇನೋ ಎಂದು ಒಂದು ಮಧ್ಯಾಹ್ನ ಪೂರ್ತಿ ಹೆದರಿ ಕೂತೆ. ಗೀತಾಳಿಗೆ ಹೇಳಿದರೆ ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ನಿಮ್ಮಮ್ಮ ಖುಷಿಯಾಗಿದ್ರೂ ನಿಮಗೆ ಕಷ್ಟನಾ ಎಂದು ಕೇಳಿದಳು.

ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಅವ್ವ ಹಾಳೆ ನೋಡುವುದನ್ನೇ ಬಿಟ್ಟಿದ್ದಾಳೆ. ಕಾರ್ಖಾನೆಯ ಚಹಾದ ಕಥೆಯೇ ಇಲ್ಲೂ ನಡೆದಿದೆ. ಪೂಜೆ ಮುಗಿದರೆ ಬಾಯಿ ತಾನಾಗಿ ಸರಿ ಐತಿ ಎನ್ನುತ್ತದೆ, ಕಣ್ಣು ಹಾಳೆಯ ಮೇಲೆ ಹೋಗುವುದಿಲ್ಲ. ಇದನ್ನು ಹಿಡಿಯುವ ಉಪಾಯ ನನಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಅನುಮಾನ ಬಂದರೆ ಯಾರಿಗೂ ಹೇಳದೆ ಮೀಟರಿನ ಮುಳ್ಳನ್ನು ಸ್ವಲ್ಪ ಸರಿಸಿಟ್ಟು ಬರುತ್ತೇವೆ. ಮರುದಿನ ಹಾಳೆಯಲ್ಲಿ ಹಳೆಯ ಅಂಕಿಯೇ ಇದ್ದರೆ ಅವನು ಸಿಕ್ಕಿಬಿದ್ದ.

ಶನಿವಾರ ಸಂಜೆ ಸ್ಕೇಲು, ಕಪ್ಪು ಪೆನ್ನು ಹಿಡಿದು ಅಂಥದೇ ಇನ್ನೊಂದು ಚೌಕಳಿ ಹಾಳೆ ಬರೆದೆ. ಎಡಗಡೆ ಕೆಳಗೆ ಒಂದು ಗೆರೆಯನ್ನು ಮಾತ್ರ ಬೇಕೆಂದೇ ಬೆರಳು ದಪ್ಪದಷ್ಟು ಉಬ್ಬಿಸಿದೆ. ಕುರುಡನಿಗೂ ಕಾಣುವಂತಿತ್ತು. ಮೇಘಾ ಪಕ್ಕದಲ್ಲಿ ನಿಂತು ನೋಡಿದಳು. ಏನೆಂದು ಕೇಳಿ ತಿಳಿದುಕೊಂಡ ಮೇಲೆ ಅವಳ ಮುಖ ಸಣ್ಣದಾಯಿತು.

"ಅಜ್ಜಿ ಪೊಯ್ ಸೊಲ್ಲ ಮಾಟ್ಟಾಂಗ, ಅಪ್ಪಾ" ಎಂದಳು. ಅಜ್ಜಿ ಸುಳ್ಳು ಹೇಳುವವಳಲ್ಲ ಎಂದು.

ಸುಳ್ಳೆಂದು ನಾನು ಹೇಳುತ್ತಿಲ್ಲ, ಪರೀಕ್ಷೆ ಮಾಡುತ್ತಿದ್ದೇನೆ ಎಂದೆ. ಅವಳಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಈಗ ಯೋಚಿಸಿದರೆ ನನಗೂ ಕಾಣುವುದಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಹಾಳೆ ಬದಲಿಸಿಟ್ಟೆ. ಹೊರಗೆ ಸೋನೆ ಹಿಡಿದಿತ್ತು. ಗೋಡೆಗೆ ಒರಗಿ, ಅರ್ಧ ಮುಚ್ಚಿದ ಬಾಗಿಲಾಚೆ ಕಾಯುತ್ತ ನಿಂತೆ. ಪೂಜೆ ಮುಗಿಯಿತು, ಕರಡಿಗೆ ಮುಚ್ಚಿದ ಸದ್ದಾಯಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅದೇ ರಾಗದಲ್ಲಿ ಅದೇ ಮಾತು ಬಂತು. ಮೇಘಾ ಕ್ಯಾಲೆಂಡರಿನ ಹಾಳೆ ಹರಿಯಲಿಲ್ಲ, ನನ್ನ ಮುಖ ನೋಡುತ್ತ ನಿಂತಳು. ನನಗೆ ಮೊದಲು ಆದದ್ದು ಗೆದ್ದ ಖುಷಿ. ನಾಚಿಕೆ ಆಮೇಲೆ ಬಂತು, ಖುಷಿಯ ಹಿಂದೆಯೇ ಬಂತು.

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಗೀತಾಳೂ ಅಡುಗೆಮನೆಯಿಂದ ಬಂದಳು. ಮೇಘಾ ಅವಳಿಗೆ ಎಲ್ಲವನ್ನೂ ಹೇಳಿದ್ದಳೆಂದು ಅವಳು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು. ನಾನು ನಿಲ್ಲಿಸಲಿಲ್ಲ.

"ಅವ್ವಾ, ನೀ ಹಾಳಿ ನೋಡೂದ ಬಿಟ್ಟಿ."

"ಯಾರಂದ್ರು? ಈಗ ನೋಡಿದ್ನೆಲ್ಲೋ."

"ಹಂಗಾರ ಇದರಾಗ ಯಾವ ಗೆರಿ ಡೊಂಕ ಐತಿ, ಹೇಳು."

ಅವ್ವ ಬಲಗಣ್ಣು ಮುಚ್ಚಿಕೊಂಡು ಹಾಳೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದಳು: "ಯಾವ್ದಂತ ಹೇಳ್ಲಿ ತಮ್ಮಾ? ಎಲ್ಲಾ ಗೆರೀನೂ ಡೊಂಕ ಅದಾವಲ್ಲ."

ನಾನು ಅವಳ ಪಕ್ಕದಲ್ಲಿ ಕೂತೆ. ಅವಳ ಬಲಗಣ್ಣನ್ನು ನನ್ನ ಕೈಯಿಂದ ಮುಚ್ಚಿ, ಏನು ಕಾಣುತ್ತದೆ ಎಂದು ಕೇಳಿದೆ. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಹಿಂದುಮುಂದು ನೋಡಿದಳು. ಆಮೇಲೆ ತಾನೇ ಹೇಳಿದಳು.

"ನಡುವ ಆತ ಕುಂತಾನ. ಕರ್ರಗ, ಗುಂಡಗ, ಥೇಟ್ ಅಂಗೈಯಾಗ ಕುಂತಾಂಗ. ಗೆರಿ ಎಲ್ಲಾ ಆತಗ ನಮಸ್ಕಾರ ಮಾಡಿ ನಿಂತಾವ."

ದೀಪಾವಳಿ ಪಾಡ್ಯದ ದಿನ ಮೊದಲು ಕಂಡಿತಂತೆ. ಪೂಜೆ ಮುಗಿಸಿ ಹಾಳೆ ಎತ್ತಿ ಬಲಗಣ್ಣು ಮುಚ್ಚಿಕೊಂಡರೆ, ಅಷ್ಟು ಹೊತ್ತು ಅಂಗೈಯಲ್ಲಿ ನೋಡುತ್ತಿದ್ದ ಕಪ್ಪು ಲಿಂಗವೇ ಹಾಳೆಯ ನಟ್ಟನಡುವೆ ಕೂತಿತ್ತು. ಮರುದಿನವೂ ಇತ್ತು, ಅದರ ಮರುದಿನ ಇನ್ನೂ ದೊಡ್ಡದಾಗಿತ್ತು. ಅಲ್ಲಿಂದಾಚೆ ಅವಳು ಎಡಗಣ್ಣಿನಲ್ಲಷ್ಟೇ ಹಾಳೆ ನೋಡುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಅತ್ತೆ ಹೇಳಿದ್ದರಂತೆ, ನೋಡುತ್ತ ನೋಡುತ್ತ ಒಂದು ದಿನ ಅಂಗೈಯ ಲಿಂಗ ಕಣ್ಣಿಗೆ ಬರುತ್ತದೆ, ಬಂದರೆ ಯಾರ ಮುಂದೂ ಆಡಬಾರದು, ಆಡಿದರೆ ಹೋಗುತ್ತದೆ ಎಂದು. ಅದಕ್ಕೆ ನಮಗೆ ಸರಿ ಐತಿ ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಎಲ್ಲ ಸರಿಯಿತ್ತು. ಜೀವನದಲ್ಲಿ ಅಷ್ಟು ಸರಿ ಯಾವತ್ತೂ ಇರಲಿಲ್ಲ.

ಗೀತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹಲ್ಲುಜ್ಜುವುದಕ್ಕೋ ಕಾಫಿಗೋ ಹಾಳೆಯನ್ನು ಕಟ್ಟಿದ್ದರೆ, ಕಪ್ಪು ಕಂಡ ಮೊದಲ ದಿನವೇ ಅವ್ವ ಗಾಬರಿಯಿಂದ ಕೂಗಿಕೊಳ್ಳುತ್ತಿದ್ದಳು. ಪೂಜೆಗೆ ಕಟ್ಟಿದ್ದಕ್ಕೆ ಹಾಳೆಯೂ ಪೂಜೆಯೇ ಆಗಿಹೋಗಿತ್ತು. ಒಂದಕ್ಕೊಂದು ಗಂಟು ಹಾಕಿದ ಮೇಲೆ ಹೊಸದಕ್ಕೆ ಹಳೆಯದರ ಬಣ್ಣ ಇಳಿಯುತ್ತದೆ ಎಂಬುದನ್ನು ಆ ಪಾಠದವರು ಅವಳಿಗೆ ಹೇಳಿರಲಿಲ್ಲ. ಯಾಕೋ ಚುಚ್ಚುತ್ತಿದೆ ಎಂದು ಗೊತ್ತಿದ್ದ ನಾನೂ ಹೇಳಿರಲಿಲ್ಲ. ಆ ಹೊತ್ತಿಗೆ ಹದಿನೇಳು ದಿನ ಕಳೆದಿದ್ದವು.

ಅವತ್ತೇ ಹೊರಟೆವು. ನಮ್ಮ ಬೀದಿಯ ನೀರಿಗೆ ಯಾವ ಆಟೊದವನೂ ಬರಲು ಒಪ್ಪಲಿಲ್ಲ. ಅವ್ವನ ಸೀರೆಯನ್ನು ಗೀತಾ ಮೊಣಕಾಲಿನವರೆಗೆ ಎತ್ತಿ ಕಟ್ಟಿದಳು. ಇಬ್ಬರೂ ಎರಡು ಕಡೆ ಹಿಡಿದುಕೊಂಡು ದೊಡ್ಡ ರಸ್ತೆಯ ತನಕ ನಡೆಸಿದೆವು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಪುಣ್ಯಕ್ಕೆ ಭಾನುವಾರವಾದರೂ ಆ ಡಾಕ್ಟರೇ ಇದ್ದರು. ಕಣ್ಣಿನ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ಸಮತಟ್ಟಾಗಿ ಇರಬೇಕಾದ ಪದರದ ಕೆಳಗೆ ನೀರು ತುಂಬಿ, ದೋಸೆಯ ಮೇಲೆ ಎದ್ದ ಬೊಬ್ಬೆಯ ಹಾಗೆ ಉಬ್ಬಿತ್ತು. ಇವತ್ತೇ ಕಣ್ಣಿಗೆ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಮೂರು. ಬಿಟ್ಟರೆ ಈ ಕಣ್ಣಿನ ನಡುವಿನ ದೃಷ್ಟಿ ಪೂರ್ತಿ ಹೋಗುತ್ತದೆ, ನಾಳೆ ಬಲಗಣ್ಣಿಗೂ ಬರಬಹುದು ಎಂದರು. ತಡವಾಯಿತೇ ಎಂದು ಕೇಳಿದೆ. ಇನ್ನೊಂದು ವಾರ ಬಿಟ್ಟಿದ್ದರೆ ತಡವಾಗುತ್ತಿತ್ತು ಎಂದರು. ಆ ಒಂದು ಮಾತಿಗೆ ನನ್ನ ಸಂಶಯಬುದ್ಧಿಗೆ ನಾನೇ ಕೈಮುಗಿಯಬೇಕೆನಿಸಿತು. ಆ ಸಮಾಧಾನ ಹತ್ತು ನಿಮಿಷವೂ ಉಳಿಯಲಿಲ್ಲ.

ಅವ್ವ ಒಲ್ಲೆ ಎಂದಳು.

ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಡಾಕ್ಟರ ತಮಿಳು ನನಗಿಂತ ಅವಳಿಗೇ ಚೆನ್ನಾಗಿ ತಿಳಿಯುತ್ತಿತ್ತು. ಸೂಜಿಯ ಭಯವೂ ಅಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ಒದ್ದೆ ಸೆರಗನ್ನು ಹಿಂಡಿಕೊಳ್ಳುತ್ತ, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಸೂಜಿ ಹಾಕಿಸಿಕೊಂಡ್ರ ಆತ ಹೋಗ್ತಾನೇನು?"

ಅದು ಆತನಲ್ಲ, ನೀರು, ಕಂಪ್ಯೂಟರಿನಲ್ಲಿ ನೀನೇ ನೋಡಿದೆಯಲ್ಲ ಎಂದೆ. ಡಾಕ್ಟರಿಗೆ ನೀರು ಕಂಡಿದೆ, ನನಗೆ ಆತ ಕಂಡಿದ್ದಾನೆ, ಇಬ್ಬರೂ ಖರೇನೇ ಹೇಳುತ್ತಿರಬಹುದು ಎಂದಳು. ಬಲಗಣ್ಣೂ ಹೀಗಾದರೆ ಅಂಗೈಯ ಲಿಂಗವೇ ಕಾಣುವುದಿಲ್ಲ, ಪೂಜೆ ಹೇಗೆ ಮಾಡುತ್ತೀ ಎಂದು ಹೆದರಿಸಿದೆ. ಅದಕ್ಕೆ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಕಣ್ಣಾಗ ಬಂದು ಕುಂತಾವನ್ನ ಅಂಗೈಯಾಗ ಯಾಕ ಹುಡುಕ್ಲಿ? ನಲವತ್ತೇಳು ವರ್ಷ ನಾ ಆತನ್ನ ನೋಡೀನಿ ತಮ್ಮಾ. ಈಗ ಆತ ನನ್ನ ನೋಡಾಕ ಬಂದಾನ. ಬಾಗಿಲಾ ಹಾಕು ಅಂತೀಯೇನು?"

ಗೀತಾ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನರ್ಸು ಎರಡು ಸಲ ಬಂದು ಹೆಸರು ಕೂಗಿ ಹೋದಳು. ನನ್ನ ಹತ್ತಿರ ಖರೇ ಮಾತುಗಳು ಮುಗಿದಿದ್ದವು. ಹಾಗಾಗಿ ಬೇರೆ ಮಾತು ಆಡಿದೆ. ಅವಳ ಕೈ ಹಿಡಿದುಕೊಂಡು, ಮುಖ ನೋಡಿಯೇ ಹೇಳಿದೆ: ಸೂಜಿಯಿಂದ ಆತನ ಸುತ್ತಲಿನ ನೀರು ಒಣಗುತ್ತದೆ, ಅಷ್ಟೇ, ಆತ ಎಲ್ಲಿಯೂ ಹೋಗುವುದಿಲ್ಲ.

ಅವ್ವ ನನ್ನನ್ನೇ ನೋಡಿದಳು. ಹಿಡಿದುಬಿಟ್ಟಳೆಂದೇ ಅನಿಸಿತು. ಹಾಳೆಯ ಮುಂದೆ ನಿಂತ ಪಾಳಿಯವರ ಪಾಡು ಏನೆಂದು ನನಗೆ ಅವತ್ತು ಗೊತ್ತಾಯಿತು.

"ನೀ ಯಾವುದನ್ನೂ ಸುಮ್ನ ನಂಬಾಂವ ಅಲ್ಲ" ಎಂದಳು. "ಹುಟ್ಟಿದಾಗಿಂದ ನೋಡೀನಿ. ನೀನಾ ಹೋಗೂದಿಲ್ಲ ಅಂದಮ್ಯಾಲ ಖರೇನ ಇರಬೇಕು. ಶೆರಿ, ನಡೀ."

ಎದ್ದು ಹೋಗಿ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದಳು. ನಾನು ಇಷ್ಟು ವರ್ಷ ಕಂಡಕಂಡವರನ್ನೆಲ್ಲ ಅನುಮಾನಿಸಿ ಗಳಿಸಿದ್ದ ಹೆಸರು ಅವತ್ತು ಒಂದು ಸುಳ್ಳಿಗೆ ಜಾಮೀನು ನಿಂತಿತು.

ಮನೆಗೆ ಬಂದ ಮೇಲೆ ಗೀತಾ ಮೊದಲು ಮಾಡಿದ್ದು ಚೌಕಳಿ ಹಾಳೆಯನ್ನು ವಿಭೂತಿ ಪೆಟ್ಟಿಗೆಯ ಕೆಳಗಿನಿಂದ ತೆಗೆದದ್ದು. ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಕೂಡಲೇ ಅಡುಗೆಮನೆಯ ಕಿಟಕಿಯ ಹತ್ತಿರ, ಕುಕ್ಕರಿನ ಸೀಟಿ, ಮೇಘಾಳ ಗಲಾಟೆಗಳ ನಡುವೆ ಅದನ್ನು ನೋಡುವುದೆಂದು ಗೊತ್ತುಮಾಡಿದಳು. ಒಂಟಿಕಾಲಿನ ಮೇಲೆ ನಿಲ್ಲುವುದನ್ನು ಅವಳು ಬಿಡಲಿಲ್ಲ, ನಾನು ಬೀಗದ ನೀರು ಬಿಡಲಿಲ್ಲ. ಆದರೆ ಯಾವುದನ್ನು ಯಾವುದಕ್ಕೆ ಕಟ್ಟುತ್ತಿದ್ದೇವೆ ಎಂದು ಅವಳ ಕಣ್ಣಲ್ಲೂ ಒಂದು ಅನುಮಾನ ಬಂದು ಸೇರಿತ್ತು. ಅದು ನನ್ನಿಂದ ಅಂಟಿದ ರೋಗ ಎಂದು ಅವಳೇ ಹೇಳುತ್ತಿದ್ದಳು.

ಅವ್ವ ಈಗ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಒಮ್ಮೆ ಬಾಯಿಬಿಟ್ಟ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ ಎಂದುಕೊಂಡಳೋ ಏನೋ. ಮೊದಲ ಸೂಜಿಯಾಗಿ ಹತ್ತು ದಿನಕ್ಕೆ, ಸಣ್ಣವನಾಗಿದ್ದಾನೆ ಎಂದಳು. ಆಮೇಲೆ ಒಂದು ದಿನ, ಮೇಲಿನ ಗೆರೆಗಳು ನೆಟ್ಟಗಾಗಿವೆ, ಕೆಳಗಿನವು ಇನ್ನೂ ಬಾಗಿವೆ ಎಂದಳು. ಎರಡನೆಯ ಸೂಜಿಯ ನಂತರ ಕಪ್ಪು ಹೋಗಿ ಬೂದಿಯ ಬಣ್ಣವಾಯಿತು. ಮಳೆ ನಿಂತು ಮಾರ್ಗಳಿ ತಿಂಗಳ ಚಳಿಯ ಮಂಜು ಬೀಳುತ್ತಿದ್ದ ಒಂದು ಬೆಳಿಗ್ಗೆ, ಕಾಣುತ್ತಾನೋ ಇಲ್ಲವೋ, ಕಣ್ಣು ಕಿರಿದು ಮಾಡಿದರೆ ಸ್ವಲ್ಪ ಕಾಣುತ್ತಾನೆ ಎಂದಳು. ದಿನದಿನಕ್ಕೆ ಬೇರೆ ಬೇರೆ, ಒಂದರಂತೆ ಒಂದಿಲ್ಲ. ಅಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ. ಡಾಕ್ಟರು ಬಹಳ ಸಂತೋಷಪಟ್ಟರು. ನಾನು ಬೆಳಿಗ್ಗೆ ಆ ಹೊತ್ತಿಗೆ ಸರಿಯಾಗಿ ಪೇಪರು ತರುವ ನೆಪದಲ್ಲಿ ಕೆಳಗೆ ಇಳಿದುಹೋಗುತ್ತಿದ್ದೆ.

ಮೂರನೆಯ ಸೂಜಿ ಪೊಂಗಲ್ ಕಳೆದ ಮೇಲೆ ಆಯಿತು. ಅದಾಗಿ ಒಂದೆರಡು ವಾರಕ್ಕೆ, ಒಂದು ಬೆಳಿಗ್ಗೆ ನಾನು ಇಳಿದುಹೋಗುವುದು ತಡವಾಯಿತು. ಅವ್ವ ಕಿಟಕಿಯ ಹತ್ತಿರ ನಿಂತು ಬಲಗಣ್ಣು ಮುಚ್ಚಿಕೊಂಡು ಹಾಳೆ ನೋಡಿದಳು. ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು, ಬೆಳಕಿನ ಕಡೆ ತಿರುಗಿಸಿದಳು. ಆಮೇಲೆ ಕೈ ಇಳಿಸಿ, "ಹ್ವಾದ" ಎಂದಳು.

ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಇನ್ನೊಮ್ಮೆ ನೋಡು ಎಂದೆ. ಇಷ್ಟು ವರ್ಷಗಳ ನನ್ನ ಕೆಲಸದಲ್ಲಿ ಒಂದು ತಪಾಸಣೆ ತಪ್ಪಾಗಿರಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ. ನನ್ನ ಸಮಾಧಾನಕ್ಕೆ ಅವ್ವ ಮತ್ತೆ ಬಲಗಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು.

"ಇಲ್ಲಪಾ. ಗೆರಿ ಎಲ್ಲಾ ನೆಟ್ಟಗ ಅದಾವ."

ಹೋಗುವುದಿಲ್ಲ ಅಂದಿದ್ದೆಯಲ್ಲ ಎಂದು ಅವಳು ಕೇಳಲಿಲ್ಲ. ಅವತ್ತು ಕೇಳಲಿಲ್ಲ, ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ. ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಸ್ನಾನದ ನೀರು ಕಾದಿದೆಯೇ ಎಂದು ಗೀತಾಳನ್ನು ಕೇಳುತ್ತ ಒಳಗೆ ಹೋದಳು.